ಬೋರಲು ಹಾಕಿದ ಗಂಗಾಳ

ಆ ಹೋಟೆಲಿನ ಒಳಬಾಗಿಲ ಮೇಲೆ 'ಬ್ರಾಹ್ಮಣರಿಗೆ ಮಾತ್ರ' ಎಂಬ ಹಲಗೆ ಇತ್ತೋ ಇಲ್ಲವೋ ಎಂದು ಈಗ ನಾನು ಆಣೆ ಮಾಡಿ ಹೇಳಲಾರೆ. ನನ್ನ ನೆನಪಿನಲ್ಲಿ ಹಲಗೆ ಇದೆ. ಹಸಿರು ಬಣ್ಣ, ಬಿಳಿಯ ಅಕ್ಷರ. ಅಂದು ನನ್ನ ಜೊತೆಗಿದ್ದ ಗೆಳೆಯ ಬೇರೆಯೇ ಹೇಳುತ್ತಾನೆ. ಅವನ ಪ್ರಕಾರ ಹಲಗೆಯನ್ನು ಅಷ್ಟರೊಳಗೆ ತೆಗೆದಾಗಿತ್ತು, ಉಳಿದದ್ದು ಎರಡು ಮೊಳೆ ಮತ್ತು ಹೊಗೆ ಹಿಡಿದ ಗೋಡೆಯ ಮೇಲೆ ಹಲಗೆಯಗಲದ ಒಂದು ಬಿಳಿಯ ಕಲೆ. ಅಂಥ ಹಲಗೆ ಹಾಕಬಾರದೆಂದು ಕಾನೂನು ಬಂದಿತ್ತು, ಆದ್ದರಿಂದ ಅವನ ಮಾತೇ ಸರಿಯಿರಬೇಕು. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಹಲಗೆಯೇ. ಸಾಕ್ಷಿಯಿಲ್ಲದೆ ಏನನ್ನೂ ಒಪ್ಪಬಾರದೆಂದು ಮದರಾಸಿನಲ್ಲಿ ತರ್ಕ ಓದಿ ಕಲಿತುಬಂದವನಿಗೆ ತನ್ನ ಕಣ್ಣೇ ಸುಳ್ಳುಸಾಕ್ಷಿಯಾಗುವುದು ಸಣ್ಣ ಅವಮಾನವಲ್ಲ. ಹಾಗಾಗಿ ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನವೆಂದೇ ಬರೆಯುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ.

ಓದು ಮುಗಿಸಿ ಬಳ್ಳಾರಿಗೆ ಮರಳಿದಾಗ ನನಗೆ ಮನೆಯ ಊಟ ಬೇಡವಾಗಿತ್ತು. ನಮ್ಮದು ವೈಷ್ಣವರ ಮನೆ, ತಂದೆ ಗುಮಾಸ್ತರು. ಮಡಿ, ಪಂಕ್ತಿ, ಮಂತ್ರ ಎಲ್ಲ ಮುಗಿಯುವಷ್ಟರಲ್ಲಿ ಅನ್ನ ಆರಿರುತ್ತಿತ್ತು. ಜನಿವಾರವನ್ನು ನಾನು ಮದರಾಸಿನಲ್ಲೇ ತೆಗೆದು ಹಾಸ್ಟೆಲಿನ ಕಿಟಕಿಯ ಸರಳಿಗೆ ಕಟ್ಟಿ ಬಂದಿದ್ದೆ. ಅದು ತಾಯಿಗೆ ಗೊತ್ತಿತ್ತು. ತಂದೆಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದವರಂತೆ ಇದ್ದರು.

ಹೀಗಾಗಿ ಊರಿನಲ್ಲಿ ತಿನ್ನುವ ಜಾಗ ಹುಡುಕುವುದೇ ನನ್ನ ಕಸುಬಾಯಿತು. ಬ್ರೂಸ್‌ಪೇಟೆಯ ಯಾವ ಸಂದಿಯಲ್ಲಿ ಮಿರ್ಚಿ ಎಷ್ಟು ಹೊತ್ತಿಗೆ ಬಾಣಲೆಯಿಂದ ಏಳುತ್ತದೆ, ಯಾರ ಒಗ್ಗರಣೆ ಮಂಡಕ್ಕಿಯಲ್ಲಿ ಹುಣಸೆ ಜಾಸ್ತಿ, ಯಾವ ಕಾಫಿ ಕ್ಲಬ್ಬಿನವನು ಒಮ್ಮೆ ಇಳಿಸಿದ ಪುಡಿಗೆ ಮತ್ತೆ ನೀರು ಹೊಯ್ಯುತ್ತಾನೆ, ಇವನ್ನೆಲ್ಲ ಬಾಯಿಪಾಠ ಒಪ್ಪಿಸಬಲ್ಲವನಾಗಿದ್ದೆ. ಕೌಲ್ ಬಜಾರಿನ ಮುಸಲ್ಮಾನರ ಹೋಟೆಲಿನಲ್ಲಿ ಮೊದಲ ಸಲ ಖೀಮಾ ತಿಂದ ದಿನ ಎಡಗೈ ಬೆಂಚನ್ನು ಹಿಡಿದಿತ್ತು, ಬಲಗೈ ನಿಲ್ಲಲಿಲ್ಲ. ಮದರಾಸು ಸರ್ಕಾರ ಕುಡಿತ ನಿಲ್ಲಿಸಿದ ಮೇಲೆ ಹೆಂಡದಂಗಡಿಗಳು ಮುಚ್ಚಿದ್ದವು. ಆದರೆ ಸಿರುಗುಪ್ಪದಾಚೆ ಹೊಳೆ ದಾಟಿದರೆ ಹೈದರಾಬಾದಿನ ಸೀಮೆ, ಅಲ್ಲಿ ಕುಡಿತಕ್ಕೆ ತಡೆಯಿರಲಿಲ್ಲ. ಆಚೆ ದಡದ ರಜಾಕಾರರ ಗಲಾಟೆ ತಣ್ಣಗಾದ ಮೇಲೆ ಎಷ್ಟೋ ಭಾನುವಾರ ಹರಿಗೋಲಿನಲ್ಲಿ ಕೂತು ಹೋಗಿ, ಈಚಲ ಮರದ ಬುಡದಲ್ಲಿ ಕುಡಿದು, ಬಿಸಿಲು ಇಳಿಯುವ ಮೊದಲೇ ಈಚೆಗೆ ಬಂದಿದ್ದೇನೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಒಂದು ನಿಯಮ ಮಾತ್ರ ಪಾಲಿಸುತ್ತಿದ್ದೆ: ಬಸ್ಸಿನ ಡ್ರೈವರುಗಳು ಎಲ್ಲಿ ಎರಡನೇ ಸಲ ಸಾರು ಕೇಳುತ್ತಾರೋ ಅಲ್ಲಿ ಕೂರಬೇಕು. ದೇವರ ಬಗ್ಗೆ ಅನುಮಾನವಿತ್ತು, ಡ್ರೈವರುಗಳ ಬಗ್ಗೆ ಇರಲಿಲ್ಲ.

ಗೆಳೆಯ ಎಂದೆನಲ್ಲ, ಅವನು ಮದರಾಸಿನಲ್ಲಿ ನನ್ನ ಜೊತೆ ಓದಿದವನು. ರೂಪನಗುಡಿಯ ಹೊಲಗೇರಿಯವನು. ಆಗ ಎಲ್ಲರೂ ಹರಿಜನ ಎನ್ನುತ್ತಿದ್ದರು, ಆ ಹೆಸರು ಅವನಿಗೆ ಒಗ್ಗುತ್ತಿರಲಿಲ್ಲ. ಅವರದು ದಾಸರ ದೀಕ್ಷೆ ಪಡೆದ ಮನೆತನ. ತಾಯಿ ದಿನಾ ನಾಮ ಹಚ್ಚಿಕೊಂಡು ಭಜನೆ ಮಾಡುವವಳು. ಆ ಮನೆಯಲ್ಲಿ ಮಾಂಸವಿಲ್ಲ, ಹೆಂಡವಿಲ್ಲ. ವೈಷ್ಣವರ ಮಗ ನಾನು ಖೀಮಾ ಹುಡುಕಿಕೊಂಡು ಅಲೆಯುವಾಗ ಅವನು ಮಜ್ಜಿಗೆ ಕೇಳುತ್ತಿದ್ದ.

ಅವನಿಗೆ ಸಿರುಗುಪ್ಪದ ಶಾಲೆಯೊಂದರಲ್ಲಿ ಮಾಸ್ತರಿಕೆ ಸಿಕ್ಕಿತು. ಅವನ ಕೇರಿಯಲ್ಲಿ ಅದುವರೆಗೆ ಯಾರೂ ಸರ್ಕಾರದ ಕುರ್ಚಿಯ ಮೇಲೆ ಕೂತಿರಲಿಲ್ಲ. ಮೂರು ವಾರವಾದ ಮೇಲೆ, ಒಂದು ರಾತ್ರಿ ರೂಪನಗುಡಿಯ ಮನೆಯಲ್ಲಿದ್ದು, ಬಳ್ಳಾರಿಗೆ ಬಂದ. ಹೊಸ ಕೋಟು ಹೆಗಲಿನಿಂದ ಜೋಲುತ್ತಿತ್ತು.

"ಏನಲೇ, ಹಿಂಗ ಸೊರಗೀದಿ?" ಎಂದೆ.

"ಉಣ್ಣಾಕ ಜಾಗ ಇಲ್ಲಲೇ. ಊರ ತುಂಬ ನೆಲ್ಲು, ಊರ ತುಂಬ ಅಕ್ಕಿ ಗಿರಣಿ. ನಾ ಬರೇ ಮಂಡಕ್ಕಿ ತಿಂದು ಪಾಠ ಹೇಳಾಕತ್ತೀನಿ."

ಅವನ ಕೋಣೆ ಒಂದು ಗಿರಣಿಯ ಹೊಟ್ಟಿನ ಗೋದಾಮಿಗೆ ಅಂಟಿಕೊಂಡಿತ್ತು. ಬೆಂಕಿಯ ಭಯಕ್ಕೆ ಅಲ್ಲಿ ಒಲೆ ಹೊತ್ತಿಸಬಾರದೆಂಬ ಕರಾರು. ಎರಡು ಖಾನಾವಳಿಯವರು ಜಾಗ ಇಲ್ಲವೆಂದರು. ಮೂರನೆಯವನು ಕೂರಿಸಿದ, ತಟ್ಟೆ ಇಟ್ಟು ಊಟ ಹಾಕಿದ.

"ಗಂಗಾಳದ ಅಂಚಿಗೆ ಕಮ್ಮಾರರ ಅರದ್ಲೆ ಕೆರದು ಒಂದು ಗೀರು ಹಾಕ್ಯಾನ. ಇದೇನಪ್ಪಾ ಅಂದ್ನಿ. 'ಅದು ನಿಮ್ಮದಾ ಮಾಸ್ತರ, ಬ್ಯಾರೇರಿಗೆ ಕೊಡಾಂಗಿಲ್ಲ' ಅಂದ. ದೊಡ್ಡ ಮರ್ಯಾದಿ ಮಾಡಿದಂಗ! ಅರ್ಧಕ್ಕ ಎದ್ದು ಬಂದ್ನಿ."

"ಮುಸಲ್ಮಾನರ ಹೋಟೆಲಿಗೆ ಹೋಗು. ಅಲ್ಲಿ ಗೀರೂ ಇಲ್ಲ, ಗೆರೀನೂ ಇಲ್ಲ."

"ನೀ ಜನಿವಾರ ಬಿಟ್ಟಿ ಅಂತ ನಾ ನಮ್ಮವ್ವನ ನೇಮ ಬಿಡಬೇಕೇನಲೇ? ಬಿಟ್ಟದ್ದು ನಿನ್ನ ಹಟ. ಬಿಡದಿದ್ದದ್ದು ನನ್ನ ಹಟ." ಆಮೇಲೆ ಹೇಳಿದ: "ಈ ತಿಂಗಳು ನೋಡ್ತೀನಿ. ಊಟದ ದಾರಿ ಆಗಲಿಲ್ಲಂದ್ರ ಕೆಲಸಕ್ಕ ಕೈ ಮುಗದು ಊರಿಗೆ ಹೋಗತೀನಿ. ಹಸಕೊಂಡು ಎಷ್ಟು ದಿನ ಲೆಕ್ಕ ಕಲಿಸಲಿ?"

ನನಗೆ ಸಿಟ್ಟು ಬಂತು. ಇವತ್ತಾದರೂ ಬಳ್ಳಾರಿಯ ಒಳ್ಳೆಯ ಹೋಟೆಲಿನಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಣ್ಣೋಣ, ಯಾರು ತಡೆಯುತ್ತಾರೋ ನೋಡೋಣ ಎಂದು ಅವನನ್ನು ಎಳೆದುಕೊಂಡು ಹೋದೆ. ಅದೇ ಆ ಹಲಗೆಯ, ಅಥವಾ ಮೊಳೆಯ, ಹೋಟೆಲು. ಮಾಲೀಕರು ಕರಾವಳಿಯಿಂದ ಬಂದವರು. ಹಲಗೆ ತೆಗೆದಿದ್ದರೋ ಇಲ್ಲವೋ, ಜನರನ್ನು ವಿಂಗಡಿಸುವ ಕೆಲಸ ಅವರ ಕಣ್ಣು ಮಾಡುತ್ತಿತ್ತು. ಅಂದು ಗೆಳೆಯನ ಮೈಮೇಲೆ ಕರಿಯ ಕೋಟು, ಬಿಳಿಯ ಕಚ್ಚೆ ಪಂಚೆ, ಹಣೆಯ ಮೇಲೆ ಬೆಳಿಗ್ಗೆ ತಾಯಿ ಹಚ್ಚಿದ ನಾಮ. ನನ್ನದು ಮಾಸಿದ ಪಾಯಿಜಾಮ, ಹತ್ತು ದಿನದ ಗಡ್ಡ, ಬೋಳು ಹಣೆ.

"ಬನ್ನಿ ಸ್ವಾಮಿ, ಒಳಗೆ ಎಲೆ ಹಾಕಿದೆ," ಎಂದು ಅವನಿಗೆ ಹೇಳಿದರು. ನನ್ನತ್ತ ತಿರುಗಿ, "ನೀವು ಅಲ್ಲಿ ಬೆಂಚಿನ ಮೇಲೆ ಕೂತ್ಕೊಳ್ಳಿ."

"ನಾವಿಬ್ಬರೂ ಕೂಡಿ ಬಂದೀವಿ."

"ಇರಬಹುದು ಮಾರಾಯ್ರೆ. ಅವರು ಒಳಗೆ, ನೀವು ಹೊರಗೆ. ಇದು ಮೊದಲಿನಿಂದ ಬಂದ ಪದ್ಧತಿ."

ನನ್ನ ಕೈ ತಾನಾಗಿಯೇ ಎದೆಯ ಹತ್ತಿರ ಹೋಯಿತು. ಅಲ್ಲಿ ಏನೂ ಇರಲಿಲ್ಲ. ತಂದೆಯ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು, ಆ ಮಾಲೀಕರು ಅವರನ್ನು ಬಲ್ಲವರೇ. ನಾನು ಹೇಳಲಿಲ್ಲ. ಹಟದಿಂದ ಹೇಳಲಿಲ್ಲ ಎಂದು ಬಹಳ ಜನರಿಗೆ ಹೇಳಿಕೊಂಡು ತಿರುಗಿದ್ದೇನೆ. ಹೇಳಿದ್ದರೆ ಮುಂದಿನ ಪ್ರಶ್ನೆ ಗೆಳೆಯನಿಗೆ ಬೀಳುತ್ತಿತ್ತು ಎಂಬುದು ಆಗಲೇ ಹೊಳೆದಿತ್ತೋ, ಆಮೇಲೆ ನಾನು ಸೇರಿಸಿಕೊಂಡದ್ದೋ, ಗೊತ್ತಿಲ್ಲ. ಆದರೆ ಕೈ ಎದೆಗೆ ಹೋದದ್ದು ನಿಜ. ಅದನ್ನು ಮರೆಯಲು ಪ್ರಯತ್ನಪಟ್ಟೂ ಆಗಿಲ್ಲ.

ಗೆಳೆಯ ನನ್ನನ್ನು ಒಮ್ಮೆ ನೋಡಿದ, ಕೋಟು ಸರಿಮಾಡಿಕೊಂಡು ಒಳಗೆ ಹೋದ. ಬೆಂಚಿನಿಂದ ಅವನ ಬೆನ್ನು ಕಾಣುತ್ತಿತ್ತು. ಅವಸರವಿಲ್ಲದೆ ಉಂಡ. ಎರಡು ಸಲ ಮಜ್ಜಿಗೆ ಹಾಕಿಸಿಕೊಂಡ. ಹೊರಗೆ ಬೀದಿಗೆ ಬಂದ ಮೇಲೆ ನಾನು ಕೇಳಿದೆ:

"ಹೆಂಗಿತ್ತು?"

"ಸಾರು ನೀರು. ಪಲ್ಯ ನಿನ್ನೇದು. ಇಷ್ಟಕ್ಕ ಇಷ್ಟು ಕಾವಲೇನಲೇ?" ಎಂದು ಹೊಟ್ಟೆ ಹಿಡಿದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಇದು ಒಂದು ದಿನದ ಆಟ. ಸಿರುಗುಪ್ಪದಾಗ ಭಜನಿಗೆ ಬರೂ ನಮ್ಮಪ್ಪನ್ನ ಎಲ್ಲಾರೂ ಬಲ್ಲರು. ಮತ್ತ ಸುಳ್ಳು ಹೇಳಿ ಉಂಡ್ರ ಅನ್ನ ಇಳಿಯಾಂಗಿಲ್ಲ ನನಗ. ಹೇಳೇ ಉಣಬೇಕು," ಎಂದ.

ಆಗ ನನಗೆ ಕುರುಗೋಡು ನೆನಪಾಯಿತು. ಬಳ್ಳಾರಿಯಿಂದ ಕುರುಗೋಡು ಸುತ್ತಿ ಸಿರುಗುಪ್ಪಕ್ಕೆ ಹೋಗುವ ಬಸ್ಸೊಂದಿತ್ತು. ಕುರುಗೋಡಿನಲ್ಲಿ ಇಂಜಿನ್ನಿಗೆ ನೀರು ಹೊಯ್ಯಲು ನಿಲ್ಲಿಸುತ್ತಿದ್ದರು. ಅಲ್ಲೇ ಗುಡ್ಡದ ಕಡೆಯ ಒಂದು ಪಡಸಾಲೆಯಲ್ಲಿ ಲಿಂಗಾಯತ ವಿಧವೆಯೊಬ್ಬಳು ಖಾನಾವಳಿ ನಡೆಸುತ್ತಿದ್ದಳು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಪುಡಿ. ಡ್ರೈವರುಗಳು ಅಲ್ಲಿ ಎರಡನೇ ಸಲವಲ್ಲ, ಮೂರನೇ ಸಲ ಕೇಳುತ್ತಿದ್ದರು. ಮರುದಿನವೇ ಇಬ್ಬರೂ ಆ ಬಸ್ಸು ಹತ್ತಿದೆವು.

ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಲ್ಲಿ ನಮ್ಮ ಬಸ್ಸಿನ ಡ್ರೈವರನೂ ಕೆಲವರು ಗಾಡಿಯವರೂ ಉಣ್ಣುತ್ತಿದ್ದರು. ಗೆಳೆಯ ಹೊಸ್ತಿಲ ಹೊರಗೇ ನಿಂತ.

"ಅವ್ವಾ, ಕುಂದ್ರೂಕಿಂತ ಮೊದ್ಲ ಹೇಳ್ತೀನಿ. ನಾ ಸಿರುಗುಪ್ಪದಾಗ ಮಾಸ್ತರ ಅದೀನಿ. ರೂಪನಗುಡಿ ಹೊಲಗೇರಿಯವ. ದಿನಾ ಬುತ್ತಿ ಬೇಕು. ಗೀರು ಹಾಕಿದ ಗಂಗಾಳದಾಗ ಮಾತ್ರ ಉಣ್ಣಾಂಗಿಲ್ಲ. ಆಗತೈತೋ ಇಲ್ಲೋ, ಹೇಳಿಬಿಡ್ರಿ."

ಅವಳು ರೊಟ್ಟಿ ಮಗುಚಿದಳು. "ಸಿರುಗುಪ್ಪದಾಗ ಊಟ ಇಲ್ಲೇನು?"

"ಇಲ್ಲ."

"ಇಲ್ಲಿ ಒಂದಾ ಕಟ್ಟಳಿ ಐತಿ, ಕೇಳ್ರಿ ಮಾಸ್ತರ. ಉಂಡಾವ್ರು ತಮ್ಮ ಗಂಗಾಳ ತಾವಾ ತೊಳದು, ಆ ಕಲ್ಲಿನ ಮ್ಯಾಲೆ ಬೋರಲ ಹಾಕಬೇಕು. ನಾ ಯಾರ ಎಂಜಲಾನೂ ತೊಳ್ಯಾಂಗಿಲ್ಲ. ಡ್ರೈವರಂದೂ ಇಲ್ಲ, ಗೌಡಂದೂ ಇಲ್ಲ. ನೀವೂ ತೊಳೀಬೇಕು."

ಒಬ್ಬ ಗಾಡಿಯವನು ಕೈ ಝಾಡಿಸಿದ. "ಏನಬೇ, ಇವ್ನ ಒಳಗ ಕರದ್ರ ನಾವು ಎದ್ದು ಹೋಗತೀವಿ."

"ಹೋಗ್ರಿ. ತೊಳದು ಇಟ್ಟು ಹೋಗ್ರಿ."

ಡ್ರೈವರ್ ತಲೆಯೆತ್ತದೆ, "ಎದ್ದಾವ್ರ ಪಾಲಿನ ರೊಟ್ಟಿ ಈ ಕಡೆ ಬರಲೆವ್ವಾ," ಎಂದ. ನನ್ನ ನೆನಪಿನಲ್ಲಿ ಮೂವರು ಎದ್ದು ಹೋದರು. ಗೆಳೆಯ ಒಬ್ಬನೇ ಎನ್ನುತ್ತಾನೆ. ಎಷ್ಟೇ ಇರಲಿ, ತೊಳೆದು ಇಟ್ಟೇ ಹೋದರು.

ನಾವಿಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಉಂಡೆವು. ಬುತ್ತಿಯ ಮಾತೂ ಮುಗಿಯಿತು. ಬೆಳಗಿನ ಬಸ್ಸಿನಲ್ಲಿ ರೊಟ್ಟಿಯ ಗಂಟು ಡ್ರೈವರನ ಸೀಟಿನ ಕೆಳಗೆ ಸಿರುಗುಪ್ಪಕ್ಕೆ ಹೋಗುವುದು, ಖಾಲಿ ಬಟ್ಟೆ ಸಂಜೆ ಮರಳುವುದು. ಭಾನುವಾರ ಗೆಳೆಯನೇ ಬಂದು ಕೂತು ಉಣ್ಣುವುದು. ಕೆಲಸ ಉಳಿಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆ ದಿನ ಗೆಳೆಯ ತನ್ನ ಗಂಗಾಳ ತೊಳೆದು ಬೋರಲು ಹಾಕುವಾಗ ಅದರ ಅಂಚಿನಲ್ಲಿ ನಾನೊಂದು ಗೀರು ಕಂಡೆ. ಹಿತ್ತಾಳೆಯ ಮೇಲೆ ಹೊಳೆಯುವ, ಬೆರಳಗಲದ ಗೀರು. ಅವನು ನೋಡಲಿಲ್ಲ. ಅವಳು ಗಂಗಾಳಗಳನ್ನು ಕೊಡುವಾಗ ಕೆಳಗಿನಿಂದ ಒಂದನ್ನು ಎಳೆದು ಅವನಿಗೆ ಕೊಟ್ಟಂತೆಯೂ ನನಗೆ ಅನ್ನಿಸತೊಡಗಿತು. ಬಾಯಲ್ಲಿ ಕಟ್ಟಳೆ ಹೇಳಿ ಅಂಚಿನಲ್ಲಿ ಗುರುತು ಇಟ್ಟಳೇ?

ಹೇಳಿದ್ದರೆ ಅವನು ಅಂದೇ ಬುತ್ತಿ ಬಿಡುತ್ತಿದ್ದ, ಬುತ್ತಿಯ ಹಿಂದೆ ಕೆಲಸ. ನಾನು ಹೇಳಲಿಲ್ಲ. ಜನಿವಾರ ಕಿತ್ತವನು, ಖೀಮಾ ತಿಂದವನು, ಹೊಳೆ ದಾಟಿ ಹೆಂಡ ಕುಡಿದವನು ಒಂದು ಗೀರಿನ ಮುಂದೆ ಬಾಯಿ ಮುಚ್ಚಿಕೊಂಡು ಕೂತೆ, ವರ್ಷಗಟ್ಟಲೆ. ಅವನು ಪ್ರತಿ ಭಾನುವಾರ ಅಲ್ಲಿ ಉಂಡು ಬಂದು, "ಲೇ, ನೀ ಹುಡುಕಿದ್ದರಾಗ ಇದೊಂದಾ ಚಲೋ ಜಾಗ," ಎಂದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಬಳ್ಳಾರಿ ಮೈಸೂರಿಗೆ ಸೇರಿದ ವರ್ಷ ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಇನ್ನು ಗೊತ್ತಾದರೂ ಅವನ ಅನ್ನಕ್ಕೆ ಅಡ್ಡಿಯಿರಲಿಲ್ಲ. ಒಂದು ಮಧ್ಯಾಹ್ನ ನಾನೊಬ್ಬನೇ ಕುರುಗೋಡಿಗೆ ಹೋದೆ. ಊಟದ ಹೊತ್ತು ಮುಗಿದಿತ್ತು. ಗಂಗಾಳಗಳೆಲ್ಲ ಕಲ್ಲಿನ ಮೇಲೆ ಬೋರಲು ಬಿದ್ದಿದ್ದವು. ಒಂದೊಂದೇ ಎತ್ತಿ ತಿರುವಿದೆ, ಅಂದಿನ ಆ ಗಂಗಾಳ ಯಾವುದೆಂದು ಗುರುತು ಸಿಗಲಿಲ್ಲ.

"ಏನ್ ಹುಡುಕ್ತೀಯಪ್ಪಾ, ಬಂಗಾರ ಐತೇನು ಅದರಾಗ?" ಎಂದಳು.

"ಇವು ಹೊಸಾವೇನವ್ವಾ?"

"ಹೊಸಾವು ಯಾರು ಕೊಡಸ್ತಾರ? ನನ್ನ ಗಂಡ ಇದ್ದಾಗಿನವಾ ಇವು. ನೋಡೂದು ಮುಗದ ಮ್ಯಾಲೆ ಇದ್ದಂಗ ಬೋರಲ ಹಾಕು."

ಒಂದನ್ನು ಹಾಕಿ ಸ್ವಲ್ಪ ಸರಿಸಿದೆ. ಉಳಿಪೆಟ್ಟಿನ ಒರಟು ಕಲ್ಲು ಹಿತ್ತಾಳೆಯನ್ನು ಕರ್ ಎಂದು ಕೆರೆಯಿತು. ಎತ್ತಿ ನೋಡಿದರೆ ಅಂಚಿನಲ್ಲಿ ಹೊಸ ಗೀರು, ಹೊಳೆಯುವಂಥದು, ಬೆರಳಗಲ. ಆಮೇಲೆ ಮೊದಲಿನಿಂದ ಮತ್ತೊಮ್ಮೆ ನೋಡುತ್ತ ಬಂದೆ. ಒಟ್ಟು ಹದಿನೇಳು ಗಂಗಾಳ. ಹದಿನೇಳರ ಅಂಚಿನಲ್ಲೂ ಗೀರು ಇತ್ತು.