ಎರಡನೇ ಆಟದ ಟಿಕೆಟ್

ಬೆಳಗ್ಗೆ ಒಂಬತ್ತೂ ಹತ್ತಕ್ಕೆ ಜುಮಾಗುಲ್ ಕರಕೋಲ್ ಪಟ್ಟಣದ ಪೇಟೆಯಲ್ಲಿ ಬೂಟು ರಿಪೇರಿಯವನ ಮುಂದೆ ಒಂಟಿ ಬೂಟಿನಲ್ಲಿ ಕುಳಿತಿದ್ದಳು. ಇನ್ನೊಂದರ ಹಿಮ್ಮಡಿಗೆ ಅವನು ಮೊಳೆ ಹೊಡೆಯುತ್ತಿದ್ದ.

"ಈ ಬೂಟು ನಿಮ್ಮ ಯಜಮಾನರಿಗಿಂತ ಹಳೇದಿರ್ಬೇಕು, ಅಮ್ಮಾ."

"ಅವರು ಹೋಗಿ ಎಷ್ಟೋ ವರ್ಷ ಆಯ್ತು, ಬೂಟು ಇನ್ನೂ ಇದೆ. ಯಾವ್ದು ಗಟ್ಟಿ ಅಂತ ನೀನೇ ಹೇಳು."

ಅವನು ನಕ್ಕ. ತಂಗಿ ನಾಜಿರಾ ನಗಲಿಲ್ಲ. ಕೇಳಿದಷ್ಟು ಹಣವನ್ನು ಮರುಮಾತಿಲ್ಲದೆ ಕೊಟ್ಟಳು. ನಾಜಿರಾ ಚೌಕಾಸಿಗೆ ನಿಂತರೆ ಅಂಗಡಿಯವರು ಬೆವರುವುದು ಪೇಟೆಗೆಲ್ಲ ಗೊತ್ತಿತ್ತು.

ಜುಮಾಗುಲ್ ಬೆಟ್ಟದ ಹಳ್ಳಿಯವಳು. ಬೇಸಿಗೆಯೆಲ್ಲ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸಿ, ಚಳಿಗಾಲದಲ್ಲಿ ಉಣ್ಣೆ ತಟ್ಟಿ ಕಂಬಳಿ ಮಾಡಿ, ಒಬ್ಬನೇ ಮಗ ತಿಲೆಕ್‌ನನ್ನು ಬೆಳೆಸಿದವಳು. ಅವನು ಮಾಸ್ಕೋದಲ್ಲಿ ಲಾರಿ ಓಡಿಸುತ್ತಿದ್ದ. ತಂಗಿಯನ್ನು ನೋಡಲು ಬಂದವಳು ಆ ದಿನ ಊರಿಗೆ ಹೊರಡಬೇಕಿತ್ತು. ಮುಂಜಾನೆ ಒಂದು ಫೋನ್ ಬಂದದ್ದೇ, "ಇವತ್ತು ಬೇಡ ಅಕ್ಕಾ, ಪೇಟೆ ಸುತ್ತೋಣ, ಸಿನಿಮಾ ನೋಡೋಣ" ಎಂದು ನಾಜಿರಾ ತಡೆದಿದ್ದಳು.

ಒಣ ಜರ್ದಾಳು ಮಾರುವವಳು ನಾಜಿರಾಳ ನೆರೆಮನೆಯವಳು. ಚೀಲಕ್ಕೆ ಒಂದು ಹಿಡಿ ಹೆಚ್ಚೇ ಹಾಕಿದಳು. ಜುಮಾಗುಲ್‌ಳ ಮುಖ ಮಾತ್ರ ನೋಡಲಿಲ್ಲ. ಜುಮಾಗುಲ್‌ಗೆ ಆಗ ತಿಳಿಯಿತು.

ನಮ್ಮಲ್ಲಿ ಸಾವಿನ ಸುದ್ದಿಯನ್ನು ಯಾರೋ ಒಬ್ಬರು ಥಟ್ಟನೆ ಹೇಳಿಬಿಡುವಂತಿಲ್ಲ. ಅಂಗಳದಲ್ಲಿ ಕಂಬಳಿ ಗುಡಾರ ಎದ್ದು, ನೆಂಟರು ಸೇರಿ, ಹಿರಿಯರು ಎದುರು ಕುಳಿತು ಬಾಯಿಬಿಡುವ ತನಕ ಹೆತ್ತವಳಿಗೆ ತಿಳಿಯಕೂಡದು. ಹಿಂದೊಮ್ಮೆ ಗೆಳತಿ ಸೈನಾಪ್‌ಳನ್ನು ಜುಮಾಗುಲ್ ತಾನೇ ಹೀಗೆ ದಿನವಿಡೀ ಪೇಟೆ ಸುತ್ತಿಸಿದ್ದಳು.

ಕೇಳಿದರೆ ನಾಜಿರಾ ಸುಳ್ಳು ಹೇಳಲಾರಳು. ಜುಮಾಗುಲ್ ಕೇಳಲಿಲ್ಲ. ಹಿರಿಯರು ಹೇಳುವವರೆಗೆ ತಿಲೆಕ್ ಲಾರಿ ಓಡಿಸುತ್ತಲೇ ಇರುತ್ತಾನೆ.

ಸಿನಿಮಾ ಮಂದಿರದಲ್ಲಿ ಟಿಕೆಟ್ ಕೊಡುವ ಹುಡುಗಿ ಬಾಯಾಳಿ. "ನಕ್ಕು ನಕ್ಕು ಸಾಯ್ತೀರ, ಅಜ್ಜೀ! ಹಲ್ಲಿನ ಸೆಟ್ ಗಟ್ಟಿಯಾಗಿ ಹಿಡ್ಕೊಳ್ಳಿ."

"ನನ್ನವು ಸ್ವಂತ ಹಲ್ಲು ಕಣೇ. ನೀನು ಟಿಕೆಟ್ ಹರಿ."

ಒಳಗೆ ಜನ ನಗುತ್ತಿದ್ದರು. ಕತ್ತಲಲ್ಲಿ ನಾಜಿರಾ ತಲೆವಸ್ತ್ರದ ಅಂಚನ್ನು ಕಚ್ಚಿಕೊಂಡು ಕುಳಿತಿದ್ದಳು. ಜುಮಾಗುಲ್ ಅವಳ ಅಂಗೈಗೆ ಒಂದೊಂದೇ ಜರ್ದಾಳು ಇಟ್ಟಳು. ಸಿನಿಮಾ ಮುಗಿಯುವ ಹೊತ್ತಿಗೆ ನಾಜಿರಾಳ ಫೋನ್ ಬೆಳಗಿತು.

"ಹೋಗೋಣ್ವಾ ಅಕ್ಕಾ? ನಿನ್ನ ಭಾವ ಬಂದಿದ್ದಾರಂತೆ... ಸುಮ್ನೆ, ಚಹಾಕ್ಕೆ."

"ಇನ್ನೊಂದ್ಸಲ ನೋಡೋಣ."

"ಇದನ್ನೇನಾ?"

"ಇದನ್ನೇ. ನಂಗೆ ಅರ್ಥ ಆಗ್ಲಿಲ್ಲ."

ನಾಜಿರಾ ಅಕ್ಕನ ಮುಖವನ್ನೇ ನೋಡಿದಳು. ಅಕ್ಕನಿಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತಾಯಿತು. ಹೋಗಿ ಮತ್ತೆರಡು ಟಿಕೆಟ್ ತಂದಳು.

ಆ ಆಟ ಮುಗಿದಾಗ ಜುಮಾಗುಲ್ ತಾನೇ ಮೊದಲು ಎದ್ದಳು. ಮನೆಯಲ್ಲಿ ಭಾವ, ಗಂಡನ ಅಣ್ಣ ಮೊಲ್ದೊಬೆಕ್, ಸಾವನ್ನು ನೇರವಾಗಿ ಹೆಸರಿಸದ ರೂಢಿಯಂತೆ, ಕೈಯಲ್ಲಿದ್ದ ಗಿಡುಗವೊಂದು ಹಾರಿಹೋದ ಮಾತಿನಿಂದ ಶುರುಮಾಡಿದ. ಅವನು ಮುಗಿಸುವವರೆಗೂ ಅವಳು ಕದಲಲಿಲ್ಲ.

ಮುಂದಿನ ಚಳಿಗಾಲ ಜೊತೆಯಲ್ಲಿ ಉಣ್ಣೆ ತಟ್ಟುತ್ತಿದ್ದ ಹೆಂಗಸರಲ್ಲಿ ಒಬ್ಬಳು, ಎರಡು ಸಲ ನೋಡಿದ ಆ ಸಿನಿಮಾದ ಕಥೆ ಏನೆಂದು ಕೇಳಿದಳು. ಕಥೆ ತನಗೆ ಗೊತ್ತಿಲ್ಲ ಎಂದಳು ಜುಮಾಗುಲ್. ಎರಡನೇ ಆಟದುದ್ದಕ್ಕೂ ಮುಂದಿನ ಸಾಲುಗಳಲ್ಲಿ ಕುಳಿತವರ ತಲೆ ಎಣಿಸುತ್ತಿದ್ದಳಂತೆ, ಕೊನೆ ಮುಟ್ಟಿದೊಡನೆ ಮತ್ತೆ ಮೊದಲಿನಿಂದ.

"ಎಷ್ಟು ಜನ ಇದ್ರು?"

"ಹದಿನೇಳು."