ಮೂರೆಲೆಯ ಕಲಬತ್ತು

ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಕಲಬತ್ತು, ಅಂದರೆ ಕುಟ್ಟಾಣಿ, ಕುಳಿತಿದೆ. ಎಷ್ಟು ತೊಳೆದರೂ ಒಳಗಿನ ಹಸಿರು ಕಲೆ ಬಿಡದು. ಅದರಲ್ಲಿ ಕುಟ್ಟಿದ ಚಟ್ನಿ ಮೊದಲ ತುತ್ತಿಗೆ ಒಂದಿಷ್ಟು ಕಹಿಯೆಂದು ಮನೆಯಾಕೆಯ ದೂರು, ಅದು ಬರೀ ಅನುಮಾನವೆಂದು ನನ್ನ ವಾದ. ಈ ಜಗಳದಲ್ಲಿ ನೀವು ಯಾರ ಪಕ್ಷ ವಹಿಸಬೇಕಾದರೂ ಮೊದಲು ಕಮಲಾಪುರದ ನಮ್ಮ ದೊಡ್ಡವ್ವನ ಪರಿಚಯ ಮಾಡಿಕೊಳ್ಳಬೇಕು.

ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ, ಕಾಮಾಲೆಗೆ ಔಷಧ ಕೊಡುತ್ತಿದ್ದಳು. ಭಾನುವಾರ ಬೆಳಗಾದರೆ ಹೊಸಪೇಟೆ, ಕಂಪ್ಲಿ ಕಡೆಯಿಂದ ಹಳದಿ ಕಣ್ಣಿನವರು ಬಂಡಿ ಕಟ್ಟಿಕೊಂಡು ಬಂದು ಜಗಲಿ ತುಂಬುತ್ತಿದ್ದರು. ಮದ್ದಿನ ಗಿಡದ ಗುರುತು ಹೊರಗೆ ಬಿದ್ದರೆ ಕೈಗುಣ ಹೋಗುತ್ತದೆಂಬುದು ಆ ಮನೆತನದ ನಂಬಿಕೆ. ಆದ್ದರಿಂದ ನಿಜವಾದ ಎಲೆಯ ಜೊತೆಗೆ, ನೋಡುವವರ ಕಣ್ಣು ತಪ್ಪಿಸಲು ಇನ್ನೆರಡು ಸೊಪ್ಪು ಸೇರಿಸಿ, ಈ ಕಲಬತ್ತಿನಲ್ಲಿ ನುಣ್ಣಗೆ ಕುಟ್ಟಿ, ಮಜ್ಜಿಗೆಯಲ್ಲಿ ಕದಡಿ ಕೊಡುವುದು ಪದ್ಧತಿ. ಒಂದು ಸೊಪ್ಪು ಹಿತ್ತಲಿನದು, ಒಂದು ಹಂಪಿಯ ಹೊಳೆದಂಡೆಯದು, ಮೂರನೆಯದಕ್ಕೆ ಸಂಡೂರಿನ ಗುಡ್ಡವನ್ನೇ ಹತ್ತಬೇಕು.

ನಾನಾಗ ಮದರಾಸಿನ ಒಂದು ಪ್ರಯೋಗಶಾಲೆಯಲ್ಲಿ ಗಾಜಿನ ಬುಡ್ಡಿ ತೊಳೆಯುವ ಹಂತ ದಾಟಿ, ಅವುಗಳಲ್ಲಿ ಏನನ್ನಾದರೂ ಕುದಿಸುವ ಹಂತಕ್ಕೆ ಬಡ್ತಿ ಪಡೆದಿದ್ದೆ. ನಾಡಿನ ಗಿಡಮೂಲಿಕೆಗಳಲ್ಲಿ ಏನಿದೆಯೆಂದು ಶೋಧಿಸುವುದು ಪ್ರಯೋಗಶಾಲೆಯ ಮುಖ್ಯಸ್ಥರಾದ ನಮ್ಮ ದೊರೆಯ ಹುಚ್ಚು. ರಜೆಗೆ ಬಂದಾಗ ದೊಡ್ಡವ್ವನ ಮೊಣಕಾಲು ಊದಿತ್ತು. ಗುಡ್ಡ ಹತ್ತಲಾಗದೆ, ಬಂದ ರೋಗಿಗಳನ್ನೆಲ್ಲ ಬರಿಗೈಯಲ್ಲಿ ಕಳಿಸಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು.

"ಖರೇ ಎಲಿ ಯಾವ್ದು ಹೇಳು ದೊಡ್ಡವ್ವ, ಅದೊಂದ ಕೊಟ್ರಾತು," ಎಂದೆ.

"ನಂಗ ಗೊತ್ತಿದ್ರಲ್ಲೇನ್ಲೇ! ನಮ್ಮತ್ತಿ ಮೂರೂ ತೋರಿಸಿದ್ಲು. ಯಾವ್ದು ಖರೇದಂತ ಹೇಳದ ಕಣ್ಣು ಮುಚ್ಚಿದ್ಲು."

ಮೂವತ್ತು ವರ್ಷ ಮದ್ದು ಕೊಟ್ಟ ಕೈಗೇ ಮದ್ದು ಯಾವುದೆಂದು ತಿಳಿಯದು! ನಕ್ಕುಬಿಟ್ಟೆ, ಅವಳ ಮುಖ ನೋಡಿ ನಗು ನುಂಗಿಕೊಂಡೆ. ಅವಳು ಹೇಳಿದ ಗುರುತಿನ ಮೇಲೆ ನಾನೇ ಗುಡ್ಡ ಹತ್ತಿ, ಮೂರೂ ಸೊಪ್ಪನ್ನು ಬೇರೆ ಬೇರೆ ಗಂಟು ಕಟ್ಟಿಕೊಂಡು ರೈಲು ಹತ್ತಿದೆ.

ತಿಂಗಳುಗಟ್ಟಲೆ ನೆನೆಸಿ, ಕುದಿಸಿ, ಸೋಸಿ, ಒಣಗಿಸಿದ್ದಾಯಿತು. ಎರಡರಲ್ಲಿ ಎತ್ತಿ ಹೇಳುವಂಥದ್ದೇನೂ ಸಿಗಲಿಲ್ಲ. ಒಂದರಲ್ಲಿ ಮಾತ್ರ ಕಹಿಯಾದ ಹರಳು ತಳದಲ್ಲಿ ಕೂತಿತು. ಅದು ಕಾಮಾಲೆ ಕಳೆಯುತ್ತದೆಂದು ದೊರೆ ಬರೆಯಲಿಲ್ಲ, ಇನ್ನೂ ನೋಡಬೇಕು ಎಂದಷ್ಟೇ ಬರೆದರು. ಮುಂದಿನ ರಜೆಗೆ ಕಮಲಾಪುರಕ್ಕೆ ಬಂದು ಹೇಳಿದಾಗ ದೊಡ್ಡವ್ವನಿಗೆ ಅಷ್ಟು ಸಾಕಾಯಿತು, ಏಕೆಂದರೆ ಆ ಎಲೆ ಹಿತ್ತಲಿನದು.

"ಹಿತ್ತಲಾಗ ಇಟಗೊಂಡು ನಮ್ಮತ್ತಿ ನನ್ನ ಗುಡ್ಡ ಹತ್ತಿಸಿದಳಲ್ಲೋ!" ಎಂದು ಬಿದ್ದು ಬಿದ್ದು ನಕ್ಕಳು. ನಗುತ್ತಿರುವಾಗಲೇ ಸೆರಗು ಕಣ್ಣಿಗೆ ಹೋಯಿತು. "ಕಡೀತನಕ ನನ್ನ ನಂಬಲಿಲ್ಲ ನೋಡು."

ನನಗೆ ಸಂಕಟವಾಯಿತು, ಈ ಶೋಧವೇ ಬೇಡವಾಗಿತ್ತು ಎನಿಸಿತು.

ಅಡುಗೆಮನೆಯ ಬಾಗಿಲಲ್ಲಿ ಅವಳ ಸೊಸೆ ಗೌರಮ್ಮ ಮೊರ ಹಿಡಿದು ನಿಂತಿದ್ದಳು. ಎಂಟು ವರ್ಷದಿಂದ ಆ ಮನೆಯಲ್ಲಿದ್ದರೂ, ಭಾನುವಾರ ಮದ್ದು ಕುಟ್ಟುವ ಹೊತ್ತಿಗೆ ದೊಡ್ಡವ್ವ ಅವಳನ್ನು ಏನಾದರೊಂದು ನೆಪ ಹೇಳಿ ಆಚೆ ಕಳಿಸುತ್ತಿದ್ದಳು. ದೊಡ್ಡವ್ವ ಅವಳನ್ನು ಬಹಳ ಹೊತ್ತು ನೋಡಿದಳು. "ಬಾರವ್ವ ಗೌರಿ," ಎಂದು ಅವಳ ಹೆಗಲು ಹಿಡಿದು ಹಿತ್ತಲಿಗೆ ನಡೆದಳು. ಕಷ್ಟಪಟ್ಟು ಬಾಗಿ ಒಂದು ಗಿಡ ಕಿತ್ತು, ಹೆಸರು ಹೇಳಿ ಕೈಗಿಟ್ಟಳು.

ಹೊರಡುವಾಗ ಈ ಕಲಬತ್ತು ನನ್ನ ಪಾಲಿಗೆ ಬಂತು. "ಒಯ್ಯಿ. ಮುಚ್ಚಿಡೂದು ಏನೂ ಉಳೀಲಿಲ್ಲ, ಚಟ್ನಿಗರ ಆಗ್ತೈತಿ."

ಇವತ್ತೂ ಕುಟ್ಟಿದ್ದೇನೆ. ಮನೆಯಾಕೆ ನಾಲಿಗೆಗೆ ಹಚ್ಚಿಕೊಂಡು, ಏನೇನು ಹಾಕಿದ್ದೀರಿ ಎಂದು ಕೇಳಿದಳು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶೇಂಗಾ, ಉಪ್ಪು, ಒಂದನ್ನೂ ಬಿಡದೆ ಹೇಳಿದೆ. ಸ್ವಲ್ಪ ಕಹಿಯೂ ಇದೆ ಎಂದು ಈ ಸಲ ಒಪ್ಪಿಕೊಂಡೆ.