ಮುಯ್ಯಿ ಬೇಡವೆಂದವಳು

ಪುಕ್ಕಟೆ ಕೆಲಸ ಮಾಡಿಕೊಡುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗಿಬರುವುದಿಲ್ಲ. ಸಹಾಯ ಕೆಟ್ಟದ್ದೆಂದಲ್ಲ. ಬೀದರಿನ ಗಾಂಧಿ ಗಂಜದ ಹಿಂದಿನ ನಮ್ಮ ಓಣಿ ನಡೆಯುವುದೇ ಸಹಾಯದ ಮೇಲೆ. ಯಾರ ಮನೆಯಲ್ಲಿ ಮದುವೆಯಿದ್ದರೂ ಮನೆಮನೆಗೆ ಜೋಳದ ಹಿಟ್ಟು ಹಂಚುತ್ತಾರೆ, ನಾವು ರೊಟ್ಟಿ ಬಡಿದು ಬುಟ್ಟಿ ತುಂಬಿಸಿ ಕಳಿಸುತ್ತೇವೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಅಕ್ಕಪಕ್ಕದವರೇ ಬುತ್ತಿ ಒಯ್ಯುತ್ತಾರೆ. ಆದರೆ ಇದಕ್ಕೆಲ್ಲ ಮುಯ್ಯಿ ಉಂಟು. ಇವತ್ತು ನಾನು ನಿಮ್ಮ ಮನೆಯ ಹಿಟ್ಟು ನಾದಿದರೆ ನಾಳೆ ನೀವು ನನ್ನ ಮನೆಯ ಹಿಟ್ಟಿನ ಪರಾತದ ಮುಂದೆ ಕೂರಬೇಕು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ತಪ್ಪಿಸಿಕೊಂಡವರನ್ನು ಮಾತ್ರ ಓಣಿಯವರು ಆಡಿಕೊಳ್ಳದೆ ಬಿಡುವುದಿಲ್ಲ.

ಆ ಹೆಂಗಸು ಬಂದದ್ದು ಇಂಥ ಓಣಿಗೆ. ತವರು ಜನವಾಡ, ಗಂಡ ತೀರಿಕೊಂಡಿದ್ದಾನೆ, ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಮಗೆ ಗೊತ್ತಿದ್ದದ್ದು ಇಷ್ಟೇ. ಮೂಲೆಯ ಬಾಡಿಗೆ ಕೋಣೆಗೆ ಸಾಮಾನು ಇಳಿಸಿದ ವಾರದಲ್ಲೇ ಎದುರು ಮನೆಯ ಬಾಣಂತನಕ್ಕೆ ನಿಂತಳು. ಆಮೇಲೆ ಮದುವೆಯಿರಲಿ, ಮಣ್ಣಿರಲಿ, ಕರೆಯುವ ಮೊದಲೇ ಬಂದು ಸೆರಗು ಸಿಕ್ಕಿಸುತ್ತಿದ್ದಳು. ತಿರುಗಿ ಮುಯ್ಯಿ ಕೊಡಲು ಹೋದರೆ ಮಾತ್ರ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಜ್ವರ ಬಂದು ಮಲಗಿದಾಗ ಗಂಜಿ ಒಯ್ದ ನನ್ನನ್ನೂ ಹೊರಗಿಂದಲೇ ಸಾಗಹಾಕಿದಳು.

"ಇರ್ಲಿ ಬಿಡ್ರಿ ವೈನಿ. ಟೈಮ್ ಬಂದಾಗ ನೋಡೂಣು."

ಯಾವ ಟೈಮು? ಗಂಜಿಯ ಡಬ್ಬಿ ಹಿಡಿದುಕೊಂಡು ಮನೆಗೆ ಬರುವಷ್ಟರಲ್ಲಿ ನನ್ನ ತಲೆಗೆ ಸಂಶಯದ ಹುಳ ಹೊಕ್ಕಿತ್ತು. ಓಣಿಯವರು ಅವಳನ್ನು ದೇವರಂಥವಳು ಅಂದರು. ದೇವರೂ ಕಾಯಿ ಕೇಳುತ್ತಾನೆ, ಅಂದೆ ನಾನು.

ನಗರಸಭೆಯ ಚುನಾವಣೆಗೆ ನಿಲ್ಲುವವಳಿರಬೇಕು ಎಂದುಕೊಂಡೆ. ಚುನಾವಣೆ ಬಂದು ಹೋಯಿತು, ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಮದುವೆ ಕುದುರಿಸುವ ದಲ್ಲಾಳಿ ಎಂದುಕೊಂಡೆ. ಯಾರ ಮಗಳ ವಯಸ್ಸನ್ನೂ ಅವಳು ಕೇಳಲಿಲ್ಲ. ಪ್ರತಿ ರವಿವಾರ ಬೆಳಿಗ್ಗೆ ಭಾಲ್ಕಿ ಬಸ್ಸು ಹತ್ತುತ್ತಿದ್ದಳು. ಎಲ್ಲಿಗೆಂದರೆ "ಅಕ್ಕನ ಮನಿಗ್ರಿ" ಎನ್ನುವಳು. ಪ್ರತಿ ರವಿವಾರ ಅಕ್ಕನ ಮನೆಗೆ ಯಾರು ಹೋಗುತ್ತಾರೆ? ನನಗೂ ಒಬ್ಬ ಅಕ್ಕ ಇದ್ದಾಳೆ, ಹಬ್ಬಕ್ಕೊಮ್ಮೆ ಮುಖ ನೋಡಿದರೆ ಇಬ್ಬರಿಗೂ ಸಾಕಾಗುತ್ತದೆ.

ಅಷ್ಟರಲ್ಲಿ ಔರಾದಿನಲ್ಲಿ ನನ್ನ ಅವ್ವ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಮನೆಗೆ ತಂದರೂ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ತಮ್ಮನ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ನಾನು ಹೊಲಿಗೆಯವಳು, ಮದುವೆಯ ಬ್ಲೌಸುಗಳೆಲ್ಲ ಹಾಗೇ ಬಿದ್ದಿದ್ದವು. ನಾನು ಕೇಳಲಿಲ್ಲ, ಮೂಲೆ ಕೋಣೆಯವಳೇ ಬಂದು ನಿಂತಳು.

"ನಾನೂ ಬರ್ತೇನ್ರಿ. ಸಾಲಿಗಿ ಸೂಟಿ ಅದ."

ಬೇಡವೆನ್ನುವ ಸ್ಥಿತಿ ನನ್ನದಾಗಿರಲಿಲ್ಲ. ಔರಾದಿಗೆ ಹೋದ ಕೂಡಲೇ ನಾನು ಮೊದಲು ಮಾಡಿದ ಕೆಲಸವೆಂದರೆ ಅವ್ವನ ಕೈಯ ಬಂಗಾರದ ಪಾಟ್ಲಿ ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿಕೊಂಡದ್ದು. ಅವಳು ನೋಡಿದಳು, ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೂ ನನಗೆ ಸರಿಬರಲಿಲ್ಲ. ಮನಸ್ಸು ಶುದ್ಧವಿದ್ದವರಿಗೆ ಸಿಟ್ಟಾದರೂ ಬರಬೇಕಲ್ಲ!

ಅವ್ವನ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಬಟ್ಟೆ ತೆಗೆಯುವುದು, ಯಾವುದಕ್ಕೂ ಅವಳು ಮುಖ ಸಿಂಡರಿಸಲಿಲ್ಲ. ರವಿವಾರದ ಭಾಲ್ಕಿ ಬಸ್ಸನ್ನು ಮಾತ್ರ ಅಲ್ಲಿಂದಲೂ ತಪ್ಪಿಸಲಿಲ್ಲ. ಆದರೆ ನಾನು ಅವ್ವನಿಗೆ ಉಣ್ಣಿಸುವಾಗ ಅವಳ ಕಣ್ಣು ನನ್ನ ಮೇಲೇ ಇರುತ್ತಿತ್ತು. ಒಮ್ಮೆ ಅವ್ವ ತುತ್ತನ್ನು ಉಗುಳಿ ನನ್ನ ಸೀರೆಯೆಲ್ಲ ಹೊಲಸಾಯಿತು. ಅವಳು ಮುಂದೆ ಬಾಗಿ ನನ್ನ ಮುಖವನ್ನೇ ನೋಡಿದಳು.

"ಬ್ಯಾಸರ ಆಗಂಗಿಲ್ಲೇನ್ರಿ ನಿಮಗ?"

"ಆಗ್ತದ. ಆದ್ರ ಮತ್ಯಾರು ಮಾಡಬೇಕ್ರಿ?"

ಹೌದೆಂಬಂತೆ ತಲೆಯಾಡಿಸಿದಳು. ಗಂಜದ ವ್ಯಾಪಾರಿ ಚೀಲದಿಂದ ಒಂದು ಹಿಡಿ ತೊಗರಿ ತೆಗೆದು ಅಂಗೈಯಲ್ಲಿ ಹೊರಳಿಸಿ ನೋಡುತ್ತಾನಲ್ಲ, ಹಾಗಿತ್ತು ಆ ನೋಟ. ಇವಳಿಗೆ ಏನೋ ಬೇಕಾಗಿದೆ, ಅದೂ ನನ್ನಿಂದಲೇ ಎಂದು ನನಗೆ ಅವತ್ತು ಖಾತ್ರಿಯಾಯಿತು.

ಅವ್ವ ಗೋಡೆ ಹಿಡಿದು ನಡೆಯುವಂತಾದ ಮೇಲೆ ಬೀದರಿಗೆ ಮರಳಿದೆವು. ಮುಂದಿನ ರವಿವಾರ ನಾನೂ ಭಾಲ್ಕಿ ಬಸ್ಸು ಹತ್ತಿದೆ. ಕೈಯಲ್ಲಿ ಯಾರಿಗೋ ಕೊಡಬೇಕಾದ ಬ್ಲೌಸಿನ ನೆಪವಿತ್ತು. ತಲೆತುಂಬ ಸೆರಗು ಹೊದ್ದು ಹಿಂದಿನ ಸೀಟಿನಲ್ಲಿ ಮುದುಡಿ ಕುಳಿತೆ. ಅವಳು ಇಳಿದು ಬಾಳೆಹಣ್ಣು ಕೊಂಡಳು, ಎರಡು ಗಲ್ಲಿ ತಿರುಗಿದಳು. ನಾನು ಹಿಂದೆಯೇ ಹೋದೆ.

ಒಂದು ಮಣ್ಣುಗೋಡೆಯ ಮನೆಯ ಹೊಸ್ತಿಲ ಮೇಲೆ ಸುಮಾರು ಮೂವತ್ತರ ಹೆಣ್ಣುಮಗಳೊಬ್ಬಳು ನೈಟಿ ತೊಟ್ಟು ಕುಳಿತಿದ್ದಳು. ತಲೆಗೂದಲು ಹರಡಿತ್ತು. ಇವಳನ್ನು ಕಂಡದ್ದೇ ಬಾಯಿಂದ ಒಂದು ಸದ್ದು ಹೊರಡಿಸಿ ಎರಡೂ ಕೈ ಚಾಚಿದಳು. ನಾನು ಪಕ್ಕದ ಮನೆಯ ಗೋಡೆಗೆ ಅಂಟಿ ನಿಂತೆ.

"ಒಳಗ ಬರ್ರಿ ವೈನಿ," ಎಂದಳು ಅವಳು, ತಿರುಗದೆಯೇ. "ಬಸ್ಸಿನ್ಯಾಗೇ ನೋಡೀನಿ."

ಒಳಗೆ ಹೋದೆ. ಅವಳ ಅಕ್ಕ ಗೋಡೆ ಸವರುತ್ತಾ ಬಂದು ಚಾಪೆ ಹಾಸಿದಳು. ಕಣ್ಣುಗಳು ಪೂರ್ತಿ ಮಂಜಾಗಿದ್ದವು. ಹೊಸ್ತಿಲಲ್ಲಿದ್ದವಳು ಅಕ್ಕನ ಮಗಳಲ್ಲ, ನಮ್ಮ ಓಣಿಯ ಇವಳದೇ ಮಗಳು. ಹುಟ್ಟಿದಾಗಿನಿಂದ ಮಾತಿಲ್ಲ, ಸ್ನಾನ, ಊಟ ಎಲ್ಲ ಬೇರೆಯವರೇ ಮಾಡಿಸಬೇಕು. ದುಡಿಯಲು ಹೋಗುವ ತಾಯಿ ಅವಳನ್ನು ಅಕ್ಕನ ಹತ್ತಿರ ಬಿಟ್ಟಿದ್ದಳು.

"ಅಂದ್ರ ಇದಕ್ಕೇ ಏನ್ರಿ, ನೀವು ಓಣಿ ತುಂಬ ದುಡದದ್ದು?"

"ಇದಕ್ಕೇರಿ."

ಒಂದಿಷ್ಟೂ ಮುಚ್ಚುಮರೆಯಿಲ್ಲ. ನನ್ನ ಸಂಶಯ ಖರೆಯಾಗಿತ್ತು, ಖುಷಿಯಾಗಬೇಕಿತ್ತು. ಆಗಲಿಲ್ಲ. ಇವಳು ಕೇಳಲಿರುವ ಆ ದೊಡ್ಡ ಮುಯ್ಯಿ ಕಣ್ಣೆದುರೇ ಕುಳಿತಿತ್ತು, ಬಾಳೆಹಣ್ಣು ತಿನ್ನುತ್ತಿತ್ತು.

"ನನಗ ಎದಿ ಬ್ಯಾನಿ ಅದ್ರಿ. ಡಾಕ್ಟರು ಭಾಳ ದಿನದ ಮಾತು ಹೇಳಂಗಿಲ್ಲ," ಅಂದಳು. "ಇಕೀನ ಸಾಕ್ರಿ ಅಂತ ಕೇಳಂಗಿಲ್ಲ, ಅಂಜಬ್ಯಾಡ್ರಿ. ಒಂದು ಆಶ್ರಮದಾಗ ಮಾತಾಡೀನಿ, ಇಟ್ಕೋತಾರ. ಆದ್ರ ಹೊರಗಿಂದ ಬರೋರು ಇಲ್ಲದವರನ್ನ ಅಲ್ಲಿ ಯಾರೂ ಮಾತಾಡಸಂಗಿಲ್ಲ, ಕಣ್ಣಾರೆ ನೋಡಿ ಬಂದೀನಿ. ವಾರಕ್ಕೊಮ್ಮಿ ಹೋಗಿ ಇಕಿ ತಲಿ ಬಾಚಿ ಬರ್ರಿ. ಅಷ್ಟೇ. ಗುರ್ತು ಇಲ್ಲದವರ ಕೈ ತಾಗಿದ್ರ ಚೀರ್ತಾಳ, ಅದಕ್ಕ ನಾ ಜೀವಂತ ಇರೂದ್ರಾಗೇ ನಿಮ್ಮ ಕೈ ರೂಢಿ ಆಗ್ಬೇಕು."

"ಓಣ್ಯಾಗ ಎಲ್ಲಾರೂ ನಿಮ್ಮನ್ನ ದೇವರು ಅಂತಾರ. ಅವರನ್ನ ಬಿಟ್ಟು ನಾನೇ ಯಾಕ್ರಿ?"

"ಅವರು ಕೇಳಿದ ಕೂಡ್ಲೇ ಹ್ಞೂಂ ಅಂತಾರ್ರಿ. ನೀವು ಅನ್ನಂಗಿಲ್ಲ. ಒಮ್ಮಿ ಅಂದ್ರ ಬಿಡಂಗಿಲ್ಲ."

ನಾನು ಹ್ಞೂಂ ಅನ್ನಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದರಲ್ಲಿ ಮೋಸ ಎಲ್ಲಿದೆ ಎಂದು ಹುಡುಕಿದೆ. ಇವತ್ತು ಬಾಚಣಿಗೆ, ನಾಳೆ ಔಷಧ, ನಾಡಿದ್ದು ಹುಡುಗಿಯೇ ನನ್ನ ಪಡಸಾಲೆಯಲ್ಲಿ. ನನ್ನನ್ನು ಸಂತೆಯ ಎಮ್ಮೆಯ ಹಾಗೆ ಹಲ್ಲು ಹಿಡಿದು ನೋಡಿ ಆರಿಸಿದ್ದಾಳೆ ಎಂದು ಸಿಟ್ಟು ಬಂತು. ವಾರವಿಡೀ ಅವಳ ಎದುರಿಗೆ ಬೀಳದಂತೆ ಓಡಾಡಿದೆ. ರವಿವಾರ ಬಂದಾಗ, ಸುಮ್ಮನೆ ನೋಡಿಬರುವುದಕ್ಕೆ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡು ಹೋದೆ.

ತಾಯಿ ಏನೂ ಕೇಳದೆ ಬಾಚಣಿಗೆಯನ್ನು ನನ್ನ ಕೈಗಿಟ್ಟಳು. ಹುಡುಗಿ ನನಗೆ ಬೆನ್ನು ಮಾಡಿ ಕುಳಿತು ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ನಾನು ಎಣ್ಣೆ ಹಚ್ಚಿ ಮೊದಲ ಸಿಕ್ಕು ಬಿಡಿಸುವವರೆಗೆ ಸುಮ್ಮನಿದ್ದಳು. ಆಗ ತಾಯಿ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸೆರಗು ಎಳೆದುಕೊಂಡು ಹೊರಗೆ ನಡೆದಳು.

ಹುಡುಗಿ ಕಿರುಚಿದಳು, ಕಾಲು ಬಡಿದಳು, ನನ್ನ ಮುಂಗೈ ಕಚ್ಚಿದಳು. ಬಾಗಿಲಿಂದ ಅಂಗಳ ಕಾಣುತ್ತಿತ್ತು. ತಾಯಿ ಗೋಡೆಗೆ ಮುಖ ಮಾಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಒಳಗ ಬರ್ರಿ!" ಎಂದು ಕೂಗಿದೆ. "ಅಳ್ಲತ್ತಾಳ ಇಕಿ!"

"ನಾ ಇಲ್ಲ ಅಂತ ತಿಳಕೊಂಡು ಬಾಚ್ರಿ ವೈನಿ," ಅಂದಳು ಅಲ್ಲಿಂದಲೇ.

ನಾನು ಬಾಚಿದೆ.